ಕಡಿಮೆ ಬೆಲೆಯ ಪೆಟ್ರೋಲ್ ಯಾವ ಪಂಪಿನಲ್ಲಿದೆ?

(ಪುತ್ತೂರಿನ ದರ್ಬೆಯಲ್ಲಿ ವಾಹನ ಚಾಲಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ದ್ವಿಚಕ್ರ ವಾಹನದ ಹಿಂದೆ ಮಂಜುಗಡ್ಡೆಯ ಪೆಟ್ಟಿಗೆ ಕಟ್ಟಿಕೊಂಡು ಮನೆಮನೆಗೆ ಮೀನು ಮಾರುವ ಹಿರಿಯರೊಬ್ಬರು ನನಗೆ ಪರಿಚಿತರು. ಒಂದು ಮುಂಜಾನೆ ಅವರು ನನ್ನನ್ನು ತಡೆದು ನಿಲ್ಲಿಸಿ, "ಉಸ್ತಾದರೇ, ಕಚ್ಚಾ ತೈಲದ ಬೆಲೆ ಇಳಿಯಿತು ಎಂದು ನೀವು ಪತ್ರಿಕೆಯವರು ಬರೆಯುತ್ತೀರಿ. ಆ ಸುದ್ದಿ ನಮ್ಮ ಪಂಪಿಗೆ ಮಾತ್ರ ಯಾಕೆ ಮುಟ್ಟುವುದಿಲ್ಲ?" ಎಂದು ಕೇಳಿದರು. ಉತ್ತರಕ್ಕೂ ಕಾಯದೆ, "ಹೋಗಲಿ, ಕಡಿಮೆಗೆ ಎಲ್ಲಿ ಸಿಗುತ್ತದೆ ಎಂದಾದರೂ ಹೇಳಿ" ಎಂದರು. ಈ ಎರಡು ಪ್ರಶ್ನೆಗಳನ್ನೇ ನಾನಿಂದು ನಿಮ್ಮ ಮುಂದಿಡುತ್ತೇನೆ. ನಾನು ಹೇಳಲಿರುವ ದರಗಳೆಲ್ಲ ಆಯಾ ವರ್ಷದವು. ದರಗಳು ನಾಳೆ ಬದಲಾಗಬಹುದು. ಆದರೆ ಅವುಗಳ ಹಿಂದಿರುವ ರೀತಿ ಬದಲಾದದ್ದನ್ನು ನಾವು ಕಂಡಿಲ್ಲ.

ಮೊದಲು ಎರಡನೆಯ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ. ನಾವು ಗಡಿಯ ಜನ. ಅತ್ತ ಆರ್ಲಪದವು, ಇತ್ತ ಗಾಳಿಮುಖ, ಸುಳ್ಯದ ಕಡೆ ಜಾಲ್ಸೂರು. ಇವುಗಳನ್ನು ದಾಟಿದರೆ ಕೇರಳ. 2021ರ ನವೆಂಬರಿನಲ್ಲಿ ಕೇಂದ್ರ ಸರಕಾರವು ದೀಪಾವಳಿಯ ಸಂದರ್ಭದಲ್ಲಿ ಅಬಕಾರಿ ಸುಂಕವನ್ನು ಪೆಟ್ರೋಲಿಗೆ 5 ರೂಪಾಯಿ, ಡೀಸೆಲಿಗೆ 10 ರೂಪಾಯಿ ಇಳಿಸಿತು. ಕರ್ನಾಟಕ ಸರಕಾರವು ತನ್ನ ಪಾಲಿನಿಂದಲೂ ತಲಾ 7 ರೂಪಾಯಿ ಇಳಿಸಿತು. ಕೇರಳವು ತನ್ನ ತೆರಿಗೆಯ ದರವನ್ನು ಇಳಿಸಲು ಒಪ್ಪಲಿಲ್ಲ. ಪರಿಣಾಮವೇನಾಯಿತು? ಕಾಸರಗೋಡು ಜಿಲ್ಲೆಯ ನೋಂದಣಿಯ ವಾಹನಗಳು ನಮ್ಮ ಗಡಿಯ ಪಂಪುಗಳಲ್ಲಿ ಸಾಲುಗಟ್ಟಿದವು. ಆಚೆಗಿನ ಪಂಪುಗಳ ಮಾಲಕರು ವ್ಯಾಪಾರ ಕುಸಿಯಿತೆಂದು ಅಳಲು ತೋಡಿಕೊಂಡರು. 2023ರ ಏಪ್ರಿಲಿನಲ್ಲಿ ಕೇರಳವು ಸಾಮಾಜಿಕ ಭದ್ರತೆಯ ಹೆಸರಿನಲ್ಲಿ ಲೀಟರಿಗೆ 2 ರೂಪಾಯಿ ಸೆಸ್ ಹೇರಿದಾಗ ಆ ಅಂತರ ಮತ್ತಷ್ಟು ಹಿಗ್ಗಿತು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಗಡಿಯಿಂದ 15 ಕಿಲೋಮೀಟರ್ ಒಳಗಿರುವ ಒಬ್ಬ ವ್ಯಕ್ತಿ ಸ್ಕೂಟರಿನಲ್ಲಿ ಈಚೆಗೆ ಬಂದು 4 ಲೀಟರ್ ತುಂಬಿಸುತ್ತಾನೆ ಎಂದಿಟ್ಟುಕೊಳ್ಳಿ. ಲೀಟರಿಗೆ 5 ರೂಪಾಯಿ ವ್ಯತ್ಯಾಸವೆಂದರೆ ಉಳಿದದ್ದು 20 ರೂಪಾಯಿ. ಆದರೆ ಹೋಗಿ ಬರುವ 30 ಕಿಲೋಮೀಟರಿಗೆ, ಲೀಟರಿಗೆ 45 ಕಿಲೋಮೀಟರ್ ಓಡುವ ಸ್ಕೂಟರಿನಲ್ಲೂ, ಮುಕ್ಕಾಲು ಲೀಟರಿನ ಹತ್ತಿರ ಉರಿಯುತ್ತದೆ. 20 ರೂಪಾಯಿ ಉಳಿಸಲು 60 ರೂಪಾಯಿಗೂ ಹೆಚ್ಚು ಸುಟ್ಟಂತಾಯಿತು. ಇನ್ನು ದಿನವೂ ಮಂಗಳೂರಿಗೆ ಸರಕು ಸಾಗಿಸುವ ಲಾರಿಯನ್ನು ನೋಡಿ. ಅದು ಹೇಗೂ ಗಡಿ ದಾಟಲೇಬೇಕು. ಡೀಸೆಲಿನಲ್ಲಿ 7 ರೂಪಾಯಿ ವ್ಯತ್ಯಾಸವಿದ್ದರೆ 200 ಲೀಟರಿಗೆ 1,400 ರೂಪಾಯಿ ಉಳಿಯಿತು. ಅಂದರೆ, ಕಡಿಮೆ ಬೆಲೆಯ ಪಂಪನ್ನು ಹುಡುಕುವ ಆಟದಲ್ಲಿ ಗೆಲ್ಲುವವನು ದೊಡ್ಡ ಟ್ಯಾಂಕಿನ ಒಡೆಯನೇ ಹೊರತು ಮೀನಿನ ಪೆಟ್ಟಿಗೆಯ ಹಿರಿಯರಲ್ಲ.

ಅಗ್ಗದ ಇಂಧನಕ್ಕೆ ಇನ್ನೊಂದು ಅಡ್ಡದಾರಿಯೂ ಇದೆ. ಅದು ಕಲಬೆರಕೆ. ಬಡವರ ಒಲೆ-ದೀಪಗಳಿಗೆಂದು ಸಬ್ಸಿಡಿಯಲ್ಲಿ ಕೊಡುತ್ತಿದ್ದ ಸೀಮೆಎಣ್ಣೆಗೂ ಡೀಸೆಲಿಗೂ ಬೆಲೆಯಲ್ಲಿ ಅಪಾರ ಅಂತರವಿದ್ದ ಕಾಲದಲ್ಲಿ ಅದೊಂದು ದೊಡ್ಡ ದಂಧೆಯಾಗಿತ್ತು. ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಬೆಳೆದು, ಮೈಸೂರಿನಲ್ಲಿ ಇಂಜಿನಿಯರಿಂಗ್ ಕಲಿತ ಮಂಜುನಾಥ್ ಷಣ್ಮುಗಂ ಎಂಬ ಯುವಕ ಇಂಡಿಯನ್ ಆಯಿಲ್ ಕಂಪೆನಿಯ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿದ್ದರು. ಕಲಬೆರಕೆ ಮಾಡಿದ ಪಂಪಿನ ವಿರುದ್ಧ ಕ್ರಮ ಕೈಗೊಂಡದ್ದಕ್ಕಾಗಿ 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಆಗ ಅವರಿಗೆ 27 ವರ್ಷ. ಆದ್ದರಿಂದ ಯಾರಾದರೂ ಗುಟ್ಟಾಗಿ "ಕಡಿಮೆಗೆ ಕೊಡಿಸುತ್ತೇನೆ" ಎಂದರೆ ಆ ಯುವಕನನ್ನು ನೆನಪಿಸಿಕೊಳ್ಳಿ. ಪಂಪಿನಲ್ಲಿ ಸಂಶಯ ಬಂದರೆ 5 ಲೀಟರಿನ ಮುದ್ರೆಯೊತ್ತಿದ ಅಳತೆಪಾತ್ರೆಯಲ್ಲಿ ಅಳೆದು ತೋರಿಸಲು ಕೇಳಿ. ಪೆಟ್ರೋಲಿನ ಹನಿಯನ್ನು ಫಿಲ್ಟರ್ ಕಾಗದದ ಮೇಲೆ ಬಿಟ್ಟು ಪರೀಕ್ಷಿಸಲು ಕೇಳಿ. ಕಲೆ ಉಳಿಯದೆ ಆರಿದರೆ ಶುದ್ಧವೆಂದು ತಿಳಿಯುವ ಸರಳ ಪರೀಕ್ಷೆಯಿದು. ಕೇಳುವುದು ಜಗಳವಲ್ಲ, ಹಕ್ಕು.

ಇನ್ನು ಮೊದಲ ಪ್ರಶ್ನೆಗೆ ಬರೋಣ. ಇಳಿದ ಬೆಲೆ ದರ್ಬೆಗೆ ಏಕೆ ಮುಟ್ಟುವುದಿಲ್ಲ?

2010ರ ಜೂನ್‌ನಲ್ಲಿ ಪೆಟ್ರೋಲನ್ನು, 2014ರ ಅಕ್ಟೋಬರಿನಲ್ಲಿ ಡೀಸೆಲನ್ನು ಸರಕಾರದ ಬೆಲೆ ನಿಯಂತ್ರಣದಿಂದ ಮುಕ್ತಗೊಳಿಸಲಾಯಿತು. ಅಂತಾರಾಷ್ಟ್ರೀಯ ಬೆಲೆ ಏರಿದರೆ ಇಲ್ಲಿಯೂ ಏರುತ್ತದೆ, ಅಲ್ಲಿ ಇಳಿದರೆ ಇಲ್ಲಿಯೂ ಇಳಿಯುತ್ತದೆ ಎಂದು ನಮಗೆ ಹೇಳಲಾಯಿತು. 2017ರ ಜೂನ್ 16ರಿಂದ ದಿನವೂ ದರ ಪರಿಷ್ಕರಣೆ ದೇಶದಾದ್ಯಂತ ಜಾರಿಗೆ ಬಂತು. ಮಾತೇನೋ ಚೆನ್ನಾಗಿತ್ತು. ಆದರೆ ನಡೆದದ್ದೇನು?

2014ರ ಜೂನ್‌ನಲ್ಲಿ ಬ್ಯಾರೆಲಿಗೆ 110 ಡಾಲರಿನ ಆಸುಪಾಸಿನಲ್ಲಿದ್ದ ಕಚ್ಚಾ ತೈಲ 2016ರ ಜನವರಿಯ ಹೊತ್ತಿಗೆ 30 ಡಾಲರಿಗಿಂತಲೂ ಕೆಳಗೆ ಬಿತ್ತು. ನಮ್ಮ ಪಂಪುಗಳಲ್ಲಿ ದರ ಇಳಿಯಲೇ ಇಲ್ಲವೆಂದಲ್ಲ, ಸ್ವಲ್ಪ ಇಳಿಯಿತು. ಆದರೆ 2014ರ ನವೆಂಬರಿನಿಂದ 2016ರ ಜನವರಿಯ ನಡುವೆ ಕೇಂದ್ರ ಸರಕಾರವು 9 ಬಾರಿ ಅಬಕಾರಿ ಸುಂಕ ಏರಿಸಿ, ಪೆಟ್ರೋಲಿನ ಮೇಲೆ 11.77 ರೂಪಾಯಿ ಮತ್ತು ಡೀಸೆಲಿನ ಮೇಲೆ 13.47 ರೂಪಾಯಿಯನ್ನು ಬೊಕ್ಕಸಕ್ಕೆ ಸೇರಿಸಿಕೊಂಡಿತು. 2020ರಲ್ಲಿ ಕೊರೋನಾ ಲಾಕ್‌ಡೌನಿನಿಂದ ಜಗತ್ತಿನ ವಾಹನಗಳೆಲ್ಲ ನಿಂತು ತೈಲವನ್ನು ಕೇಳುವವರೇ ಇಲ್ಲವಾದಾಗಲೂ ಇದೇ ಆಯಿತು. ಮಾರ್ಚಿನಲ್ಲಿ 3 ರೂಪಾಯಿ, ಮೇಯಲ್ಲಿ ಪೆಟ್ರೋಲಿಗೆ 10, ಡೀಸೆಲಿಗೆ 13 ರೂಪಾಯಿ ಸುಂಕ ಏರಿತು. 2014ರಲ್ಲಿ ಪೆಟ್ರೋಲ್ ಲೀಟರಿಗೆ 9.48 ರೂಪಾಯಿಯಿದ್ದ ಕೇಂದ್ರದ ಸುಂಕ 2020ರ ಮೇಯಲ್ಲಿ 32.98 ರೂಪಾಯಿಗೆ ತಲಪಿತು. ನಮ್ಮಲ್ಲಿ ಎಷ್ಟೋ ಕುಟುಂಬಗಳು ಕೂಲಿಯಿಲ್ಲದೆ, ಕೊಲ್ಲಿ ದೇಶದಿಂದ ಹಣ ಬಾರದೆ ಕಂಗೆಟ್ಟಿದ್ದ ದಿನಗಳವು.

2022ರಲ್ಲಿ ಇನ್ನೊಂದು ರೀತಿ ಕಂಡಿತು. ಏಪ್ರಿಲ್ ಆರಂಭದ ನಂತರ ದಿನವೂ ಬದಲಾಗಬೇಕಿದ್ದ ದರ ಸ್ತಬ್ಧವಾಯಿತು. ಮೇಯಲ್ಲಿ ಕೇಂದ್ರವು ಸುಂಕವನ್ನು 8 ಮತ್ತು 6 ರೂಪಾಯಿ ಇಳಿಸಿತು, ಅದನ್ನು ಒಪ್ಪಿಕೊಳ್ಳೋಣ. ಉಕ್ರೇನ್ ಯುದ್ಧದಿಂದ ತೈಲ ದುಬಾರಿಯಾದಾಗ ಕಂಪೆನಿಗಳು ನಷ್ಟ ಅನುಭವಿಸಿದ್ದೂ ನಿಜ. ಆದರೆ ಮುಂದೆ ಕಚ್ಚಾ ತೈಲ ಇಳಿದಾಗ, ರಷ್ಯಾದ ತೈಲ ರಿಯಾಯಿತಿಯಲ್ಲಿ ಬಂದಾಗ ಏನಾಯಿತು? 2023-24ರಲ್ಲಿ ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂಗಳ ಒಟ್ಟು ಲಾಭ ಸುಮಾರು 81 ಸಾವಿರ ಕೋಟಿ ರೂಪಾಯಿ. ಗ್ರಾಹಕನಿಗೆ ಸಿಕ್ಕಿದ್ದು 2 ರೂಪಾಯಿ. ಅದೂ 2024ರ ಮಾರ್ಚ್ 14ರಂದು, ಲೋಕಸಭಾ ಚುನಾವಣೆಯ ದಿನಾಂಕ ಪ್ರಕಟವಾಗುವ ಎರಡು ದಿನ ಮೊದಲು!

ಹಾಗಂತ ದೆಹಲಿಯನ್ನು ಮಾತ್ರ ದೂರಿ ಬೆಂಗಳೂರನ್ನು ಬಿಡುವುದು ನ್ಯಾಯವಾಗದು. ಅದೇ ಚುನಾವಣೆಯ ಫಲಿತಾಂಶ ಜೂನ್ 4ರಂದು ಬಂತು. ಜೂನ್ 15ರಂದು ಕರ್ನಾಟಕ ಸರಕಾರವು ಮಾರಾಟ ತೆರಿಗೆಯನ್ನು ಪೆಟ್ರೋಲಿಗೆ ಶೇ. 25.92ರಿಂದ 29.84ಕ್ಕೆ, ಡೀಸೆಲಿಗೆ ಶೇ. 14.34ರಿಂದ 18.44ಕ್ಕೆ ಏರಿಸಿತು. ಲೀಟರಿಗೆ ಸುಮಾರು 3 ರೂಪಾಯಿ ಹೆಚ್ಚಾಯಿತು. 2025ರ ಏಪ್ರಿಲ್ 1ರಿಂದ ಡೀಸೆಲಿನ ತೆರಿಗೆ ಮತ್ತೆ ಏರಿ ಶೇ. 21.17 ಆಯಿತು. ಅದೇ ತಿಂಗಳು ಕಚ್ಚಾ ತೈಲ ಇಳಿದಾಗ ಕೇಂದ್ರವೂ 2 ರೂಪಾಯಿ ಸುಂಕ ಏರಿಸಿತು. ಪಂಪಿನ ದರ ಏರಲಿಲ್ಲ ಎಂಬ ಕಾರಣಕ್ಕೆ ಹೆಚ್ಚಿನವರಿಗೆ ಅದು ಗೊತ್ತೇ ಆಗಲಿಲ್ಲ. ನಮಗೆ ಇಳಿದು ಬರಬೇಕಾಗಿದ್ದ 2 ರೂಪಾಯಿ ದಾರಿಯಲ್ಲೇ ತೆರಿಗೆಯಾಯಿತು. ಎಲ್ಲ ಬಣ್ಣದ ಬಾವುಟಗಳೂ ಪೆಟ್ರೋಲ್ ಪಂಪಿನ ವಿಷಯದಲ್ಲಿ ಒಂದೇ ಪಕ್ಷ.

ರಾಜ್ಯಗಳು ಹೀಗೆ ಮಾಡುವುದಕ್ಕೆ ಒಂದು ಕಾರಣವೂ ಇದೆ. ಕೇಂದ್ರದ ಸುಂಕದಲ್ಲಿ ಬಹುಪಾಲು ಸೆಸ್ ಮತ್ತು ವಿಶೇಷ ಸುಂಕದ ರೂಪದಲ್ಲಿದೆ. ಅದನ್ನು ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾಗಿಲ್ಲ. 2022ರ ಮೇ ನಂತರ ಪೆಟ್ರೋಲಿನ ಮೇಲಿದ್ದ 19.90 ರೂಪಾಯಿಯಲ್ಲಿ ಹಂಚಿಕೆಗೆ ಒಳಪಟ್ಟದ್ದು ಕೇವಲ 1.40 ರೂಪಾಯಿ. ಅದರ ಶೇ. 41 ಎಲ್ಲ ರಾಜ್ಯಗಳಿಗೆ. ಹದಿನೈದನೆಯ ಹಣಕಾಸು ಆಯೋಗದ ಸೂತ್ರದಂತೆ ಕರ್ನಾಟಕಕ್ಕೆ ಅದರಲ್ಲಿ ಶೇ. 3.647. ಲೆಕ್ಕ ಹಾಕಿದರೆ ಲೀಟರಿಗೆ ಸುಮಾರು 2 ಪೈಸೆ! ಕೇಂದ್ರವು ಆ ಹಣದಿಂದ ರಸ್ತೆಗಳಿಗೂ ವೆಚ್ಚ ಮಾಡುತ್ತದೆ ಎಂಬುದು ನಿಜ. ಆದರೆ ಇಂತಹ ಹಂಚಿಕೆಯಿಂದ ರಾಜ್ಯಗಳು ತಮ್ಮ ಕೈಯಲ್ಲಿ ಉಳಿದಿರುವ ಮಾರಾಟ ತೆರಿಗೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. 2021ರ ಸೆಪ್ಟೆಂಬರ್ 17ರಂದು ಲಕ್ನೋದಲ್ಲಿ ಸೇರಿದ ಜಿಎಸ್‌ಟಿ ಮಂಡಳಿಯು ಪೆಟ್ರೋಲನ್ನು ಜಿಎಸ್‌ಟಿಯೊಳಗೆ ತರಲು ಇದು ಸಮಯವಲ್ಲವೆಂದು ಕೈಬಿಟ್ಟದ್ದೂ ಇದೇ ಕಾರಣದಿಂದ. ತಮ್ಮ ಆದಾಯ ಕಳಕೊಳ್ಳಲು ಯಾರೂ ಸಿದ್ಧರಿರಲಿಲ್ಲ.

ಸಹೋದರರೇ, ಪ್ರಶ್ನೆಯಿರುವುದು ತೆರಿಗೆ ಬೇಕೇ ಬೇಡವೇ ಎಂಬುದರಲ್ಲಲ್ಲ. ಆಸ್ಪತ್ರೆ, ಶಾಲೆ, ರಸ್ತೆ, ಪಿಂಚಣಿಗಳಿಗೆ ಹಣ ಬೇಕು. ಪ್ರಶ್ನೆಯಿರುವುದು ಯಾರಿಂದ ಎಷ್ಟು ಎಂಬುದರಲ್ಲಿ. ಆದಾಯ ತೆರಿಗೆಯು ಗಳಿಕೆಯನ್ನು ನೋಡುತ್ತದೆ. ಪೆಟ್ರೋಲಿನ ತೆರಿಗೆ ಮುಖ ನೋಡುವುದಿಲ್ಲ. ಐಷಾರಾಮಿ ಕಾರಿನವನೂ ಮೀನಿನ ಪೆಟ್ಟಿಗೆಯವನೂ ಲೀಟರಿಗೆ ಕೊಡುವುದು ಒಂದೇ ಮೊತ್ತ. 2024ರ ಜೂನ್ ನಂತರದ ದರದಲ್ಲಿ ಒಂದು ಲೀಟರ್ ಪೆಟ್ರೋಲಿನಲ್ಲಿ ಕೇಂದ್ರ ಮತ್ತು ರಾಜ್ಯದ ತೆರಿಗೆ ಸೇರಿ 40 ರೂಪಾಯಿಗೂ ಹೆಚ್ಚಿತ್ತು. ಆ ಹಿರಿಯರು ದಿನಕ್ಕೆ 2 ಲೀಟರಿನಂತೆ ತಿಂಗಳಿಗೆ 25 ದಿನ ಓಡಿದರೆ 50 ಲೀಟರ್. ಅಂದರೆ ತಿಂಗಳಿಗೆ 2 ಸಾವಿರ ರೂಪಾಯಿಗೂ ಅಧಿಕ ತೆರಿಗೆ. ವರ್ಷಕ್ಕೆ 24 ಸಾವಿರಕ್ಕೂ ಮಿಕ್ಕಿ. ಬಡವರಿಗೆ ಅಕ್ಕಿ ಕೊಟ್ಟಾಗ, 2023ರ ಜೂನ್‌ನಲ್ಲಿ ಮಹಿಳೆಯರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಆರಂಭವಾದಾಗ, "ನಮ್ಮ ತೆರಿಗೆಯ ಹಣದಲ್ಲಿ ಇವರಿಗೆ ಬಿಟ್ಟಿ" ಎಂದು ಮೂಗು ಮುರಿದವರನ್ನು ನಾವು ಕಂಡಿದ್ದೇವೆ. ಆ 24 ಸಾವಿರ ಯಾರದ್ದು? ಅದನ್ನು ಕೊಟ್ಟವರು ತೆರಿಗೆದಾರರಲ್ಲವೇ?

ಹಾಗಾದರೆ ನಾವೇನು ಮಾಡಬಹುದು?

ಮೊದಲನೆಯದಾಗಿ, ಪ್ರತಿ ಲೀಟರಿನ ಬೆಲೆಯಲ್ಲಿ ಕೇಂದ್ರದ ಸುಂಕವೆಷ್ಟು, ರಾಜ್ಯದ ತೆರಿಗೆಯೆಷ್ಟು ಎಂಬುದನ್ನು ಪಂಪಿನ ರಶೀದಿಯಲ್ಲೇ ಮುದ್ರಿಸಬೇಕೆಂದು ಕೇಳೋಣ. ಹೋಟೆಲಿನ ಬಿಲ್ಲಿನಲ್ಲಿ ಜಿಎಸ್‌ಟಿ ಕಾಣುತ್ತದೆ, ಪೆಟ್ರೋಲಿನ ಬಿಲ್ಲಿನಲ್ಲಿ ಏಕೆ ಕಾಣಬಾರದು? ಕಾಣದ ತೆರಿಗೆಯನ್ನು ಏರಿಸುವುದು ಸುಲಭ. ಮತ ಕೇಳಲು ಬರುವ ಪ್ರತಿಯೊಬ್ಬ ಅಭ್ಯರ್ಥಿಯಲ್ಲಿ, ಯಾವ ಪಕ್ಷದವನೇ ಆಗಲಿ, ತೈಲ ಇಳಿದಾಗ ಎಷ್ಟು ಪಾಲು ನಮಗೆ ಕೊಡುತ್ತೀರಿ ಎಂದು ಕೇಳೋಣ.

ಎರಡನೆಯದು ಬಸ್ಸು. ಸರಕಾರಿ ಬಸ್ಸು ಒಂದು ಲೀಟರ್ ಡೀಸೆಲಿಗೆ ಸುಮಾರು 5 ಕಿಲೋಮೀಟರ್ ಓಡುತ್ತದೆ. ಅದರಲ್ಲಿ 40 ಮಂದಿ ಕುಳಿತರೆ ಆ ಲೀಟರು 40 ಮಂದಿಯನ್ನು 5 ಕಿಲೋಮೀಟರ್ ಮುಟ್ಟಿಸಿತು. ಒಬ್ಬನೇ ಹೋಗುವ ಬೈಕಿಗಿಂತ ಅದು ನಾಲ್ಕು ಪಟ್ಟು ಮಿಗಿಲು. ನನ್ನ ಮಟ್ಟಿಗೆ ಅತಿ ಅಗ್ಗದ ಇಂಧನ ಸಿಗುವುದು ಬಸ್ಸಿನ ಸೀಟಿನಲ್ಲಿ. ಆದರೆ ಪುತ್ತೂರು, ಸುಳ್ಯ, ಕಡಬದ ಒಳಹಳ್ಳಿಗಳಲ್ಲಿ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲದೆ, ಸಾಲ ಮಾಡಿ ಸ್ಕೂಟರ್ ಕೊಂಡ ಮನೆಗಳೆಷ್ಟಿಲ್ಲ? ನಾವು ಕೊಟ್ಟ ತೆರಿಗೆಗೆ ಪ್ರತಿಯಾಗಿ ಬಸ್ಸು ಕೇಳುವುದು ಬೇಡುವುದಲ್ಲ.

ಮೂರನೆಯದು ನಮ್ಮದೇ ಮನೆಯ ವಿಷಯ. ಲೀಟರಿಗೆ 2 ರೂಪಾಯಿ ಏರಿದಾಗ ಗೊಣಗುವ ನಾವು, ಮದುವೆಯ ದಿಬ್ಬಣಕ್ಕೆ ಮೂವತ್ತು ಕಾರು ಓಡಿಸುವಾಗ ಲೆಕ್ಕ ಕೇಳುವುದಿಲ್ಲ. ನಾಲ್ಕು ಜನ ಒಂದೇ ಕಡೆಗೆ ನಾಲ್ಕು ಬೈಕಿನಲ್ಲಿ ಹೋಗುತ್ತೇವೆ. ಸರಕಾರದಲ್ಲಿ ಲೆಕ್ಕ ಕೇಳುವವನು ತನ್ನ ಮನೆಯಲ್ಲಿಯೂ ಲೆಕ್ಕ ಇಡಬೇಕು. ಇಲ್ಲದಿದ್ದರೆ ನಮ್ಮ ಮಾತಿಗೆ ತೂಕವೆಲ್ಲಿಂದ ಬರಬೇಕು?

ಆ ಹಿರಿಯರನ್ನು ಮುಂದೆ ಕಂಡಾಗ ಅಗ್ಗದ ಪಂಪೊಂದರ ವಿಳಾಸ ಕೊಡಲು ನನ್ನಿಂದಾಗದು. ಆದರೆ ಇಷ್ಟನ್ನು ಹೇಳಬಲ್ಲೆ: "ಸುದ್ದಿ ಪಂಪಿಗೆ ಮುಟ್ಟಿದೆ, ಇಳಿದ ಹಣ ಮಾತ್ರ ನಡುವೆ ನಿಂತಿದೆ. ಅದನ್ನು ಯಾರು, ಎಷ್ಟು ಇಟ್ಟುಕೊಂಡರು ಎಂದು ಕೇಳುವ ಅಧಿಕಾರ ನಿಮಗಿದೆ. ಯಾಕೆಂದರೆ ವರ್ಷಕ್ಕೆ 24 ಸಾವಿರ ಕೊಟ್ಟವರು ನೀವು."