ಪುನ್ಸ್ಕ್: ಗಡಿಯಂಚಿನ ಒಂದು ಹಳ್ಳಿ



ಪೋಲೆಂಡಿನ ಈಶಾನ್ಯ ಮೂಲೆಯಲ್ಲಿ, ಲಿಥುವೇನಿಯಾದ ಗಡಿಗೆ ಸಮೀಪವಾಗಿ, ಸರೋವರಗಳೂ ದಿಬ್ಬಗಳೂ ಹರಡಿರುವ ನೆಲದಲ್ಲಿ ಪುನ್ಸ್ಕ್ ಎಂಬ ಗ್ರಾಮವಿದೆ. ಸುಮಾರು 1,000 ನಿವಾಸಿಗಳಲ್ಲಿ ಬಹುಪಾಲು ಜನರ ಮನೆಮಾತು ಲಿಥುವೇನಿಯನ್. ಇಂದಿನ ಗಡಿರೇಖೆ ಮೂಡುವುದಕ್ಕೆ ಶತಮಾನಗಳ ಮೊದಲೇ ಇವರ ಪೂರ್ವಿಕರು ಅಲ್ಲಿ ಬೇಸಾಯ ಹೂಡಿದ್ದರು.

ಆಳಿದವರು ಮಾತ್ರ ಬದಲಾಗುತ್ತ ಹೋದರು: 1795ರಲ್ಲಿ ಪ್ರಷ್ಯಾ, 1815ರಿಂದ ರಷ್ಯಾ, ಮೊದಲ ಮಹಾಯುದ್ಧದ ತರುವಾಯ ಪೋಲೆಂಡ್. ಝಾರ್ ಸರಕಾರವು 1904ರವರೆಗೆ ನಾಲ್ಕು ದಶಕಗಳ ಕಾಲ ಲಿಥುವೇನಿಯನ್ ಭಾಷೆಯನ್ನು ಲ್ಯಾಟಿನ್ ಲಿಪಿಯಲ್ಲಿ ಮುದ್ರಿಸುವುದನ್ನೇ ನಿಷೇಧಿಸಿತ್ತು. ಪ್ರಷ್ಯಾದಲ್ಲಿ ಅಚ್ಚಾದ ಪ್ರಾರ್ಥನಾ ಪುಸ್ತಕಗಳನ್ನೂ ಅಕ್ಷರಮಾಲೆಗಳನ್ನೂ ಆ ನಾಡಿನ ಜನ ಗುಟ್ಟಾಗಿ ಗಡಿ ದಾಟಿಸಿ ತರುತ್ತಿದ್ದರು.

1956ರಲ್ಲಿ ಪುನ್ಸ್ಕಿನಲ್ಲಿ ಲಿಥುವೇನಿಯನ್ ಮಾಧ್ಯಮದ ಪ್ರೌಢಶಾಲೆ ಆರಂಭವಾಯಿತು. ಇಲ್ಲಿ ಕಲಿತವರು ಶಾಲಾಂತ್ಯದ ಪರೀಕ್ಷೆಯಲ್ಲಿ ಪೋಲಿಷ್ ಭಾಷೆಯ ಜೊತೆಗೆ ತಾಯ್ನುಡಿಯ ಪರೀಕ್ಷೆಯನ್ನೂ ಕಡ್ಡಾಯವಾಗಿ ಬರೆಯಬೇಕು. ಇತರ ಮಕ್ಕಳಿಗಿಂತ ಒಂದು ವಿಷಯ ಹೆಚ್ಚು. ಇಂಥ ಹೊರೆಯನ್ನು ಶಿಕ್ಷಕರು ಪಾಲಕರಿಂದ ಮುಚ್ಚಿಡುವುದು ತರವಲ್ಲ.

2008ರಲ್ಲಿ ಸುತ್ತಲಿನ ಊರುಗಳ ನಾಮಫಲಕಗಳಲ್ಲಿ ಎರಡೂ ಭಾಷೆಗಳು ಕಾಣಿಸಿಕೊಂಡವು. 2011ರ ಆಗಸ್ಟಿನಲ್ಲಿ ಯಾರೋ ಲಿಥುವೇನಿಯನ್ ಹೆಸರುಗಳ ಮೇಲೆ ಪೋಲೆಂಡಿನ ಧ್ವಜದ ಬಿಳಿ, ಕೆಂಪು ಬಣ್ಣಗಳನ್ನು ಬಳಿದರು. ಆ ಹೆಸರುಗಳನ್ನು ಈಗ ಮತ್ತೆ ಓದಬಹುದು.