ಎಣ್ಣೆಯ ಅಂಟು, ಮದ್ದಿನ ಗಾಡಿ



ಚಳ್ಳಕೆರೆ ಎಂದರೆ ಶೇಂಗಾ ಎಣ್ಣೆಗೆ ಹೆಸರಾದ ಊರು. ಮೊಳಕಾಲ್ಮೂರು ಸೀಮೆಯಲ್ಲೂ ಮುಂಗಾರು ಬಿತ್ತೆಂದರೆ ಶೇಂಗಾ ಬಿತ್ತನೆಯೇ. ಗಾಣದ ಎಣ್ಣೆಯನ್ನು ನಾಲ್ಕು ದಿನ ಇಟ್ಟರೆ ತಳದಲ್ಲಿ ಮಡ್ಡಿ ಕೂರುವುದನ್ನು ನೀವೆಲ್ಲ ಕಂಡಿದ್ದೀರಿ. ಆ ಮಡ್ಡಿಯಲ್ಲಿ ಹಿಂಡಿಯ ಪುಡಿಯ ಜೊತೆಗೆ ಒಂದು ಬಗೆಯ ಅಂಟೂ ಉಂಟು. ಅದರಲ್ಲಿ ಮುಖ್ಯವಾದುದು ಫಾಸ್ಫೊಲಿಪಿಡ್, ಅಂದರೆ ರಂಜಕ ಸೇರಿದ ಕೊಬ್ಬು. ಶೇಂಗಾದಲ್ಲಿ ಇದು ಕಡಿಮೆ, ಸೋಯಾ ಅವರೆಯಲ್ಲಿ ಹೆಚ್ಚು. ದೊಡ್ಡ ಮಿಲ್ಲುಗಳಲ್ಲಿ ಸೋಯಾ ಎಣ್ಣೆಗೆ ನೀರು ಬೆರೆಸಿ, ಬಿಸಿ ಮಾಡಿ, ಅಂಟನ್ನು ಬೇರೆ ಮಾಡುತ್ತಾರೆ. ಲೆಸಿಥಿನ್ ಅಂತ ಕರೆಯುವುದು ಇದನ್ನೇ. ಬಿಸ್ಕತ್ತಿನ ಪೊಟ್ಟಣದ ಮೇಲೆ 322 ಎಂಬ ಅಂಕಿ ಕಂಡರೆ ಅದು ಲೆಸಿಥಿನ್ನಿನ ಗುರುತು.

ಈ ಅಂಟಿಗೂ ಮದ್ದಿಗೂ ಏನು ಸಂಬಂಧ ಅಂತ ಕೇಳಬಹುದು. ಎಣ್ಣೆ, ನೀರು ಒಂದಕ್ಕೊಂದು ಸೇರವು. ಆದರೆ ಫಾಸ್ಫೊಲಿಪಿಡ್ಡಿನ ಒಂದೊಂದು ಅಣುವಿಗೂ ತಲೆ ಒಂದು, ಬಾಲ ಎರಡು. ತಲೆಗೆ ನೀರು ಬೇಕು, ಬಾಲಕ್ಕೆ ಎಣ್ಣೆ ಬೇಕು. ನೀರಿಗೆ ಬಿದ್ದರೆ ಇವು ಎರಡು ಸಾಲಾಗಿ ನಿಂತು, ಬಾಲಗಳನ್ನು ಒಳಗೆ ಮಾಡಿಕೊಂಡು, ಪುಟ್ಟ ಚೀಲಗಳಾಗಿ ಸುತ್ತಿಕೊಳ್ಳುತ್ತವೆ. 1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ಎಂಬ ವಿಜ್ಞಾನಿ ಇದನ್ನು ತೋರಿಸಿಕೊಟ್ಟರು. ಈ ಚೀಲಕ್ಕೆ ಲೈಪೊಸೋಮ್ ಎಂದು ಹೆಸರು. ಮದ್ದು ತುಂಬುವ ಚೀಲ ಎಷ್ಟು ಸಣ್ಣದೆಂದರೆ, ಒಂದು ರಾಗಿಕಾಳಿನ ಅಗಲದಲ್ಲಿ ಹತ್ತು ಸಾವಿರ ಚೀಲಗಳನ್ನು ಸಾಲಾಗಿ ಇಡಬಹುದು.

2021ರಲ್ಲಿ ಕೋವಿಡ್ ಎರಡನೆಯ ಅಲೆಯ ಬೆನ್ನಿಗೇ ಕಪ್ಪು ಶಿಲೀಂಧ್ರ ರೋಗ ಬಂದದ್ದು ನೆನಪಿರಬೇಕು. ಅದಕ್ಕೆ ಮದ್ದು ಆಂಫೊಟೆರಿಸಿನ್. ಬರಿದೇ ಕೊಟ್ಟರೆ ಅದು ಬೂಷ್ಟನ್ನು ಕೊಲ್ಲುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ಲೈಪೊಸೋಮಿನಲ್ಲಿ ತುಂಬಿ ಕೊಟ್ಟರೆ ಆ ಪೆಟ್ಟು ತಗ್ಗುತ್ತದೆ. ಮದ್ದು ಅದೇ, ಹೊರುವ ಗಾಡಿ ಬೇರೆ. ಇಂಥ ಒಂದು ಹೆಸರಾಂತ ಇಂಜೆಕ್ಷನ್ನಿನಲ್ಲಿ ಚೀಲದ ಮುಖ್ಯ ಸರಕು ಸೋಯಾದಿಂದ ಬಂದದ್ದು. ಆ ವರ್ಷ ಈ ಇಂಜೆಕ್ಷನ್ ಸಾಲದೆ ಜನ ಪರದಾಡಿದರು. ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಮದ್ದಿಗೂ ಇಂಥದೇ ಗಾಡಿ ಉಂಟು. 1995ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಅದರಿಂದ ಹೃದಯಕ್ಕೆ ಆಗುವ ಹಾನಿ ಕಡಿಮೆಯಾಯಿತು.

ಈಗ ಮನೆಮಂದಿಗೆಲ್ಲ ನಾಲ್ಕು ಮಾತು.

ಒಂದು: ಗಾಣದ ಮಡ್ಡಿ ಮದ್ದಲ್ಲ. ಅದನ್ನು ಕುಡಿಯಲೂ ಕೂಡದು, ಗಾಯಕ್ಕೆ ಹಚ್ಚಲೂ ಕೂಡದು. ಔಷಧದ ಚೀಲ ತಯಾರಾಗುವುದು ರೋಗಾಣು ಸುಳಿಯದಂಥ ಕಾರ್ಖಾನೆಯಲ್ಲಿ.

ಎರಡು: ‘ನ್ಯಾನೊ’ ಅಂತ ಹೆಸರಿಟ್ಟು ಸಂತೆಯಲ್ಲಿ ಸೀಸೆ ಮಾರಿದರೆ ಮರುಳಾಗಬೇಡಿ. ಡಾಕ್ಟರ ಚೀಟಿ, ಅಂಗಡಿಯ ರಸೀತಿ ಎರಡೂ ಇರಲಿ.

ಮೂರು: ಬರಿಯ ಆಂಫೊಟೆರಿಸಿನ್, ಲೈಪೊಸೋಮಿನ ಆಂಫೊಟೆರಿಸಿನ್ ಹೆಸರಿನಲ್ಲಿ ಒಂದೇ, ಪ್ರಮಾಣದಲ್ಲಿ ಬೇರೆ. ಒಂದರ ಬದಲು ಇನ್ನೊಂದನ್ನು ತಂದುಕೊಟ್ಟರೆ ಜೀವಕ್ಕೇ ಅಪಾಯ. ಚೀಟಿಯಲ್ಲಿ ಬರೆದದ್ದನ್ನೇ ತನ್ನಿ.

ನಾಲ್ಕು: ಸಕ್ಕರೆ ಕಾಯಿಲೆಯವರಿಗೆ ಮುಖ ಒಂದೇ ಕಡೆ ಊದಿ ನೋವಾದರೆ, ಮೂಗಿನಿಂದ ಕಪ್ಪು ಸೋರಿದರೆ, ಕಣ್ಣು ಮಂಜಾದರೆ, ನಾಳೆ ನೋಡೋಣ ಅನ್ನಬೇಡಿ. ಅಂದೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಗಾಡಿ ಎಷ್ಟೇ ಒಳ್ಳೆಯದಿದ್ದರೂ ಹೊತ್ತಿಗೆ ಸರಿಯಾಗಿ ಹೂಡಿದರೆ ತಾನೇ ಊರು ಸೇರುವುದು?