ಬಾಸ್ಫೊರಸ್ ಮೇಲೆ ಒಂದು ಮಧ್ಯಾಹ್ನ

ಒಂದು ದೊಡ್ಡ ನಗರವನ್ನು ಒಂದೇ ದಿನದಲ್ಲಿ ನೋಡಿ ಮುಗಿಸಲು ಸಾಧ್ಯವೇ? ಸಾಧ್ಯವಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೂ ದೂರದ ಊರುಗಳಲ್ಲಿ ನಮ್ಮಲ್ಲಿ ಬಹಳ ಮಂದಿಗೆ ಸಿಗುವುದು ಒಂದೇ ದಿನ. ಶಾಲೆಯ ಪ್ರವಾಸಗಳಲ್ಲಿ ನಿಮಗೂ ಇದರ ಅನುಭವವಾಗಿರುತ್ತದೆ. ಬೆಳಿಗ್ಗೆ ಬೇಲೂರು, ಮಧ್ಯಾಹ್ನ ಹಳೇಬೀಡು, ಸಂಜೆ ಶ್ರವಣಬೆಳಗೊಳ, ರಾತ್ರಿ ಬಸ್ಸಿನಲ್ಲಿ ನಿದ್ದೆ. ಹಾಗಾದರೆ ಸಿಕ್ಕ ಆ ಒಂದು ದಿನದಲ್ಲಿ ಏನನ್ನು ನೋಡಬೇಕು, ಹೇಗೆ ನೋಡಬೇಕು? ಈ ವಿಷಯವನ್ನು ನನಗೇ ಸಿಕ್ಕ ಒಂದು ದಿನದ ಮೂಲಕ ನಿಮ್ಮ ಮುಂದಿಡುತ್ತೇನೆ.

2023ರ ಅಕ್ಟೋಬರ್ ತಿಂಗಳು. ಜರ್ಮನಿಯಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿ ನಾನು ಮತ್ತು ನನ್ನ ಮಗಳು ಊರಿಗೆ ಹಿಂತಿರುಗುತ್ತಿದ್ದೆವು. ಮಗಳು ಆಗ ಪ್ರಥಮ ಪಿಯುಸಿ ವಿದ್ಯಾರ್ಥಿನಿ. ತುರ್ಕಿಯ ಇಸ್ತಾಂಬುಲ್‌ನಲ್ಲಿ ವಿಮಾನ ಬದಲಿಸಬೇಕಿತ್ತು. ಅಲ್ಲಿ ಒಂದು ದಿನ ಉಳಿಯುವುದೆಂದು ಮೊದಲೇ ನಿರ್ಧರಿಸಿ ವೀಸಾ ಪಡೆದಿದ್ದೆವು. ಗುಂಪಿನ ಬಸ್ಸಿಗೆ ಸೇರದೆ, ನಮಗಿಬ್ಬರಿಗೇ ಒಂದು ಕಾರು ಮತ್ತು ಒಬ್ಬ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಂಡೆವು. ಬೆಳಿಗ್ಗೆ ನಗರ ದರ್ಶನ, ಮಧ್ಯಾಹ್ನ ದೋಣಿಯಲ್ಲಿ ಊಟ ಮತ್ತು ವಿಹಾರ, ಸಂಜೆ ವಿಮಾನ ನಿಲ್ದಾಣ. ಖರ್ಚು ಸ್ವಲ್ಪ ಹೆಚ್ಚೇ ಆಯಿತು. ಆದರೆ ಇಷ್ಟವಾದ ಕಡೆ ಹೆಚ್ಚು ಹೊತ್ತು ನಿಲ್ಲುವ ಸ್ವಾತಂತ್ರ್ಯ ಸಿಕ್ಕಿತು.

ಮಾರ್ಗದರ್ಶಿ ಇತಿಹಾಸ ಓದಿದ ಯುವತಿ. ಎಂಟು ಸ್ಥಳಗಳ ಪಟ್ಟಿಯನ್ನು ನಮ್ಮ ಮುಂದೆ ಹಿಡಿದು, "ಎಂಟನ್ನೂ ಓಡಿ ನೋಡುತ್ತೀರೋ, ಎರಡನ್ನು ನಿಂತು ನೋಡುತ್ತೀರೋ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಗಳು "ಎರಡು" ಎಂದಳು.

ಮೊದಲನೆಯದು ಆಯಾ ಸೋಫಿಯಾ. ಬೈಜಾಂಟಿಯಮ್‌ನ ಚಕ್ರವರ್ತಿ ಜಸ್ಟಿನಿಯನ್ ಕಟ್ಟಿಸಿದ ಈ ಚರ್ಚು ಪೂರ್ಣವಾದದ್ದು ಕ್ರಿ.ಶ. 537ರಲ್ಲಿ. 1453ರಲ್ಲಿ ಆಟೊಮನ್ ತುರ್ಕರು ನಗರವನ್ನು ಗೆದ್ದ ಮೇಲೆ ಮಸೀದಿಯಾಯಿತು. ಇಪ್ಪತ್ತನೆಯ ಶತಮಾನದಲ್ಲಿ ವಸ್ತುಸಂಗ್ರಹಾಲಯವಾಯಿತು. 2020ರಿಂದ ಮತ್ತೆ ಮಸೀದಿ. ಮಗಳು ದುಪಟ್ಟಾವನ್ನು ತಲೆಗೆ ಹೊದ್ದುಕೊಂಡಳು. ಇಬ್ಬರೂ ಚಪ್ಪಲಿ ಬಿಟ್ಟು ಒಳಗೆ ಹೋದೆವು.

ತಲೆ ಎತ್ತಿದರೆ ಸುಮಾರು 31 ಮೀಟರ್ ಅಗಲದ ಗುಮ್ಮಟ, ನೆಲದಿಂದ 55 ಮೀಟರ್ ಎತ್ತರದಲ್ಲಿ. ಬುಡದ ಸುತ್ತ 40 ಕಿಟಕಿಗಳು. ಅವುಗಳಿಂದ ಬೆಳಕು ನುಗ್ಗುವಾಗ ಗುಮ್ಮಟ ಗಾಳಿಯಲ್ಲಿ ತೇಲುತ್ತಿದೆಯೇನೋ ಎನಿಸುತ್ತದೆ. ವಿಜಾಪುರದ ಗೋಲಗುಂಬಜ್ ನೋಡಿದವರು, "ನಮ್ಮದು ಇದಕ್ಕಿಂತ ದೊಡ್ಡದಲ್ಲವೇ?" ಎಂದು ಕೇಳಬಹುದು. ನಿಜ, ಗೋಲಗುಂಬಜ್‌ನ ಒಳವ್ಯಾಸ ಸುಮಾರು 38 ಮೀಟರ್. ಆದರೆ ಆಯಾ ಸೋಫಿಯಾ ಅದಕ್ಕಿಂತ ಸಾವಿರದ ನೂರು ವರ್ಷ ಹಿಂದಿನದು. ಚೌಕಾಕಾರದ ತಳದ ಮೇಲೆ ದುಂಡನೆಯ ಗುಮ್ಮಟವನ್ನು ಕೂರಿಸುವುದು ಹೇಗೆ ಎಂಬುದು ಆ ಕಾಲದ ದೊಡ್ಡ ಸಮಸ್ಯೆ. ನಾಲ್ಕು ಮೂಲೆಗಳಲ್ಲಿ ಬಾಗಿದ ತ್ರಿಕೋನಗಳನ್ನು ಕಟ್ಟಿ, ಅವುಗಳ ಮೂಲಕ ಭಾರವನ್ನು ನಾಲ್ಕು ದಪ್ಪ ಕಂಬಗಳಿಗೆ ಇಳಿಸಿದರು. ಹಾಗೆ ಮಾಡಿದ ಆಂಥೆಮಿಯಸ್ ಮತ್ತು ಇಸಿಡೋರ್ ಇಬ್ಬರೂ ಗಣಿತಜ್ಞರು. ಆದರೂ ಭೂಕಂಪಗಳ ಪೆಟ್ಟಿಗೆ 558ರಲ್ಲಿ ಗುಮ್ಮಟ ಕುಸಿಯಿತು. ನಂತರ ಕಟ್ಟಿದ ಗುಮ್ಮಟವನ್ನು ಇನ್ನಷ್ಟು ಎತ್ತರವಾಗಿಸಿದರು. ಗುಮ್ಮಟ ಹೆಚ್ಚು ಚಪ್ಪಟೆಯಾಗಿದ್ದಷ್ಟೂ ಗೋಡೆಗಳನ್ನು ಹೊರಕ್ಕೆ ನೂಕುತ್ತದೆ. ಎತ್ತರಿಸಿದರೆ ಆ ನೂಕು ಕಡಿಮೆಯಾಗುತ್ತದೆ. ಸೋಲಿನಿಂದ ಕಲಿತ ಪಾಠ ಇಂದಿಗೂ ತಲೆಯ ಮೇಲೆ ನಿಂತಿದೆ.

ಎರಡನೆಯ ಸ್ಥಳಕ್ಕೆ ಹೋಗಲು ಮೆಟ್ಟಿಲು ಇಳಿಯಬೇಕು. ಅದು ನೆಲದಡಿಯ ನೀರಿನ ತೊಟ್ಟಿ. ತೊಟ್ಟಿ ಎಂದರೆ ನಿಮ್ಮ ಮನೆಯ ಸಂಪನ್ನು ನೆನೆಯಬೇಡಿ. ಸುಮಾರು 138 ಮೀಟರ್ ಉದ್ದ, 65 ಮೀಟರ್ ಅಗಲ. 9 ಮೀಟರ್ ಎತ್ತರದ 336 ಕಂಬಗಳು. ಇದೂ ಜಸ್ಟಿನಿಯನ್ ಕಾಲದ್ದೇ. ಊರಾಚೆಯ ಕಾಡಿನಿಂದ ಕಾಲುವೆಗಳ ಮೂಲಕ ನೀರು ಇಲ್ಲಿಗೆ ಹರಿದುಬರುತ್ತಿತ್ತು. ಕಾಲಕ್ರಮದಲ್ಲಿ ಜನ ಇದನ್ನು ಮರೆತೇಬಿಟ್ಟರು. ಹದಿನಾರನೆಯ ಶತಮಾನದಲ್ಲಿ ಪೆಟ್ರಸ್ ಗಿಲಿಯಸ್ ಎಂಬ ಫ್ರೆಂಚ್ ವಿದ್ವಾಂಸ ಈ ಭಾಗದಲ್ಲಿ ಅಲೆಯುವಾಗ, ಜನರು ಮನೆಯ ನೆಲದಲ್ಲಿದ್ದ ಕಿಂಡಿಗಳಿಂದ ಬಿಂದಿಗೆ ಇಳಿಸಿ ನೀರು ಸೇದುವುದನ್ನೂ, ಮೀನು ಹಿಡಿಯುವುದನ್ನೂ ಕಂಡು ತೊಟ್ಟಿಯನ್ನು ಪತ್ತೆಹಚ್ಚಿದ. ನೀರು ಸೇದುತ್ತಿದ್ದವರಿಗೆ ಅದು ಬರಿಯ ಬಾವಿ. ಒಬ್ಬನಿಗೆ ಮಾತ್ರ, ಈ ನೀರು ಎಲ್ಲಿಯದು ಎಂದು ಕೇಳಬೇಕೆನಿಸಿತು.

ನನ್ನ ಮಗಳು ಆ ಕಂಬಗಳ ನಡುವೆ ಬಹಳ ಹೊತ್ತು ಸುಮ್ಮನೆ ನಿಂತಿದ್ದಳು. ಅವಳ ತಲೆಯಲ್ಲಿ ಏನು ಓಡುತ್ತಿತ್ತೆಂಬುದು ನನಗೆ ತಿಳಿದದ್ದು ದೋಣಿ ಹತ್ತಿದ ಮೇಲೆ.

ಇನ್ನು ದೋಣಿ. ಕಪ್ಪು ಸಮುದ್ರಕ್ಕೂ ಮರ್ಮರ ಸಮುದ್ರಕ್ಕೂ ನಡುವೆ ಸುಮಾರು 31 ಕಿಲೋಮೀಟರ್ ಉದ್ದದ ಕಿರಿದಾದ ಜಲಸಂಧಿ ಬಾಸ್ಫೊರಸ್. ಒಂದು ದಡ ಯೂರೋಪ್, ಇನ್ನೊಂದು ದಡ ಏಷ್ಯಾ. ಅತಿ ಕಿರಿದಾದ ಕಡೆ ಅಗಲ ಸುಮಾರು 700 ಮೀಟರ್ ಮಾತ್ರ. ನಮ್ಮ ದೋಣಿ ಯೂರೋಪಿನ ದಡದ ಪಕ್ಕದಲ್ಲಿ ಉತ್ತರಕ್ಕೆ ಹೊರಟಿತು. ದೋಲ್ಮಾಬಾಚೆ ಅರಮನೆ ಕಾಣಿಸಿತು. ಆಧುನಿಕ ತುರ್ಕಿಯ ನಿರ್ಮಾಪಕ ಅತಾತುರ್ಕ್ 1938ರಲ್ಲಿ ಕೊನೆಯುಸಿರೆಳೆದದ್ದು ಅಲ್ಲೇ. 1973ರಲ್ಲಿ ತೆರೆದ ಮೊದಲ ತೂಗುಸೇತುವೆಯ ಕೆಳಗೆ ಹಾದೆವು. ಮುಂದೆ ರುಮೇಲಿ ಕೋಟೆ. ಇಸ್ತಾಂಬುಲ್ ಗೆಲ್ಲುವ ಮುನ್ನ, 1452ರಲ್ಲಿ, ಸುಲ್ತಾನ ಎರಡನೆಯ ಮೆಹಮದ್ ಜಲಸಂಧಿಯ ಕತ್ತು ಹಿಡಿಯಲೆಂದೇ ಕೆಲವೇ ತಿಂಗಳಲ್ಲಿ ಕಟ್ಟಿಸಿದ ಕೋಟೆ ಅದು. 1988ರಲ್ಲಿ ತೆರೆದ ಎರಡನೆಯ ಸೇತುವೆಯ ಬಳಿ ದೋಣಿ ತಿರುಗಿ ಏಷ್ಯಾದ ದಡ ಹಿಡಿಯಿತು.

ಊಟ ಬಂತು. ಬೇಳೆಯ ಸಾರಿನಂಥ ಸೂಪು, ಬ್ರೆಡ್ಡು, ಆಲಿವ್ ಕಾಯಿ, ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸಿದ ತಿನಿಸು. ನಮ್ಮ ಪತ್ರೊಡೆಯ ದೂರದ ನೆಂಟ ಎನ್ನಬಹುದು. ಪಕ್ಕದಲ್ಲಿ ಬೆಟ್ಟದಂಥ ತೈಲ ಹಡಗೊಂದು ಸಾಗಿಹೋಯಿತು. ಈ ದಾರಿಯಲ್ಲಿ ವರ್ಷಕ್ಕೆ ಸುಮಾರು 40 ಸಾವಿರ ಹಡಗುಗಳು ಓಡಾಡುತ್ತವೆ. ನೀರು ನೀಲಿಯಾಗಿ ಹೊಳೆಯುತ್ತಿತ್ತು. ಟೀವಿಯವನ ಬುದ್ಧಿ ಎಲ್ಲಿಗೆ ಹೋಗುತ್ತದೆ? ನಾನು ಮನಸ್ಸಿನಲ್ಲೇ ಕ್ಯಾಮರಾ ಇಟ್ಟು ದೃಶ್ಯಗಳನ್ನು ಜೋಡಿಸುತ್ತಿದ್ದೆ.

ಆಗ ಮಗಳು ಮಾರ್ಗದರ್ಶಿಯನ್ನು ಕೇಳಿದಳು: "ಬೆಳಿಗ್ಗೆ ಈ ಊರಿಗೆ ನೀರು ಹೇಗೆ ಬರುತ್ತಿತ್ತು ಅಂತ ತೋರಿಸಿದಿರಿ. ಬಳಸಿದ ನೀರು ಎಲ್ಲಿಗೆ ಹೋಗುತ್ತೆ?"

ಊಟದ ಹೊತ್ತಿನಲ್ಲಿ ಇದೇನು ಪ್ರಶ್ನೆ ಎಂದು ನನಗೆ ಇರುಸುಮುರುಸಾಯಿತು. ಆಕೆ ಮಾತ್ರ ಬೇಸರಿಸಿಕೊಳ್ಳದೆ ನೀರಿನ ಕಡೆಗೆ ಬೆರಳು ತೋರಿಸಿದರು. "ಇಲ್ಲಿಗೇ. ಆದರೆ ಮೇಲಕ್ಕಲ್ಲ, ಕೆಳಕ್ಕೆ," ಎಂದರು.

ಮಿತ್ರರೇ, ಇಲ್ಲಿ ಸ್ವಲ್ಪ ವಿಜ್ಞಾನ ಬೇಕು. ಬಾಸ್ಫೊರಸ್‌ನಲ್ಲಿ ಹರಿಯುವುದು ಒಂದು ಪ್ರವಾಹವಲ್ಲ, ಎರಡು. ಡ್ಯಾನ್ಯೂಬ್, ನೀಪರ್ ಮುಂತಾದ ದೊಡ್ಡ ನದಿಗಳು ಕಪ್ಪು ಸಮುದ್ರಕ್ಕೆ ಸಿಹಿನೀರು ತುಂಬುತ್ತವೆ. ಆದ್ದರಿಂದ ಅದರ ಮೇಲ್ಪದರದ ನೀರಿನಲ್ಲಿ ಉಪ್ಪು ಕಡಿಮೆ, ಕಿಲೋಗ್ರಾಮಿಗೆ ಸುಮಾರು 18 ಗ್ರಾಂ. ಮೆಡಿಟರೇನಿಯನ್ ಕಡೆಯಿಂದ ಬರುವ ನೀರಿನಲ್ಲಿ ಸುಮಾರು 38 ಗ್ರಾಂ. ಉಪ್ಪು ಹೆಚ್ಚಿದ್ದರೆ ಸಾಂದ್ರತೆ ಹೆಚ್ಚು, ಅಂದರೆ ನೀರು ಭಾರ. ಹೀಗಾಗಿ ಕಪ್ಪು ಸಮುದ್ರದ ಹಗುರ ನೀರು ಮೇಲ್ಗಡೆ ದಕ್ಷಿಣಕ್ಕೆ ಹರಿದರೆ, ಮರ್ಮರದ ಭಾರವಾದ ನೀರು ತಳದಲ್ಲಿ ಉತ್ತರಕ್ಕೆ ಹರಿಯುತ್ತದೆ. ಒಂದೇ ಕಾಲುವೆ, ಎರಡು ವಿರುದ್ಧ ದಿಕ್ಕು.

ಬಲೆ ಬಿಡುವ ಮೀನುಗಾರರಿಗೆ ಇದು ಮೊದಲಿನಿಂದಲೂ ಗೊತ್ತಿತ್ತು. ಪ್ರಯೋಗದಿಂದ ತೋರಿಸಿಕೊಟ್ಟವನು ಇಟಲಿಯ ಲೂಯಿಜಿ ಮಾರ್ಸಿಲಿ. 1679ರಲ್ಲಿ ಇಲ್ಲಿಗೆ ಬಂದಾಗ ಅವನ ವಯಸ್ಸು 21, ನಿಮ್ಮಲ್ಲಿ ಕೆಲವರ ಅಣ್ಣ ಅಕ್ಕಂದಿರ ವಯಸ್ಸು. ಮೀನುಗಾರರ ಮಾತನ್ನು ಅವನು ಕಡೆಗಣಿಸಲಿಲ್ಲ. ಹಗ್ಗಕ್ಕೆ ಬಿಳಿ ಬಣ್ಣ ಬಳಿದ ಬೆಂಡುಗಳನ್ನು ಕಟ್ಟಿ, ತುದಿಗೆ ಸೀಸದ ತೂಕ ಹಾಕಿ ನೀರಿಗಿಳಿಸಿದ. ಮೇಲಿನ ಬೆಂಡುಗಳು ಒಂದು ಕಡೆಗೆ ವಾಲಿದವು, ಆಳದವು ಅದರ ವಿರುದ್ಧ ಕಡೆಗೆ. ನಂತರ ಎರಡೂ ನೀರುಗಳನ್ನು ತೂಗಿ ನೋಡಿದ. ಅಡ್ಡತಡೆಯಿದ್ದ ಒಂದು ಪೆಟ್ಟಿಗೆಯಲ್ಲಿ ಅದೇ ಹರಿವನ್ನು ಮಾಡಿ ತೋರಿಸಿದ. 1681ರಲ್ಲಿ ಅದನ್ನು ಪ್ರಕಟಿಸಿದ.

ಈಗ ಮಾರ್ಗದರ್ಶಿಯ ಉತ್ತರಕ್ಕೆ ಬರೋಣ. ಇಸ್ತಾಂಬುಲ್‌ನ ಜನಸಂಖ್ಯೆ ಒಂದೂವರೆ ಕೋಟಿಗೂ ಹೆಚ್ಚು. ಅಷ್ಟು ಜನರ ಕೊಳಚೆ ನೀರಿನ ದೊಡ್ಡ ಭಾಗವನ್ನು, ಕಸಕಡ್ಡಿ ಸೋಸಿ, ಪೈಪುಗಳ ಮೂಲಕ ತಳದ ಪ್ರವಾಹಕ್ಕೆ ಬಿಡುವ ಯೋಜನೆ ಮಾಡಿದ್ದರು. ತಳದ ನೀರು ಅದನ್ನು ಕಪ್ಪು ಸಮುದ್ರಕ್ಕೆ ಹೊತ್ತೊಯ್ಯುತ್ತದೆ, ಕಣ್ಣಿಗೂ ಬೀಳುವುದಿಲ್ಲ ಎಂಬುದು ಲೆಕ್ಕ. ಜಾಣ ಲೆಕ್ಕವೇ. ಆದರೆ ಎರಡು ಪದರಗಳ ನಡುವೆ ಗೋಡೆಯೇನೂ ಇಲ್ಲ. ಅವು ಉಜ್ಜುವಲ್ಲಿ ನೀರು ಬೆರೆಯುತ್ತದೆ, ತಳದ ನೀರಿನ ಒಂದು ಪಾಲು ಮೇಲೆ ಬಂದು ಮರ್ಮರಕ್ಕೆ ಮರಳುತ್ತದೆ. ಮರ್ಮರದ ಸುತ್ತ ಇನ್ನೂ ಅನೇಕ ಪಟ್ಟಣಗಳು, ಕಾರ್ಖಾನೆಗಳು, ಹೊಲಗಳು. ಅವೂ ಆ ಪುಟ್ಟ ಸಮುದ್ರಕ್ಕೆ ಸಾರಜನಕವನ್ನೂ ರಂಜಕವನ್ನೂ ಸುರಿಯುತ್ತವೆ. ಸಮುದ್ರದ ಸೂಕ್ಷ್ಮ ಸಸ್ಯಗಳಿಗೆ ಅದು ಗೊಬ್ಬರವಿದ್ದಂತೆ. 2021ರ ವಸಂತದಲ್ಲಿ ನೀರು ಬೆಚ್ಚಗಿತ್ತು, ಅಲುಗಾಟ ಕಡಿಮೆಯಿತ್ತು. ಆ ಸೂಕ್ಷ್ಮ ಜೀವಿಗಳು ಬಿಟ್ಟ ಲೋಳೆ ಮರ್ಮರದ ಮೇಲೆ ದಪ್ಪ ಕಂಬಳಿಯಂತೆ ಹರಡಿತು. ಮೀನುಗಾರರ ಬಲೆಗಳು ಲೋಳೆಯಿಂದ ಕಟ್ಟಿಕೊಂಡವು, ತಳದ ಜೀವಿಗಳು ಉಸಿರುಗಟ್ಟಿದವು. ಆ ಜೂನ್ ತಿಂಗಳಲ್ಲಿ ಸರ್ಕಾರ 22 ಅಂಶಗಳ ಕಾರ್ಯಯೋಜನೆ ಪ್ರಕಟಿಸಬೇಕಾಯಿತು.

"ನಮ್ಮ ಮಾವ ಮೀನುಗಾರರು. ಆ ವರ್ಷ ಬಹಳ ದಿನ ದೋಣಿ ಇಳಿಸಲಿಲ್ಲ," ಎಂದರು ಮಾರ್ಗದರ್ಶಿ. "ಪ್ರವಾಸಿಗಳಿಗೆ ನಾವು ಇದನ್ನು ಹೇಳುವುದಿಲ್ಲ. ಅವರು ಕೇಳುವುದೂ ಇಲ್ಲ."

ಆ ಮಾತು ನನಗೆ ನಾಟಿತು. ಅದರ ಕಾರಣವನ್ನು ನಿಮ್ಮಿಂದ ಮುಚ್ಚಿಡಬಾರದು. ಅದಕ್ಕೆ ಹತ್ತು ಹನ್ನೊಂದು ವರ್ಷ ಹಿಂದೆ ನಾನು ಒಂದು ಊರಿನ ಕೆರೆಯ ಬಗ್ಗೆ ಅರ್ಧ ಗಂಟೆಯ ಕಾರ್ಯಕ್ರಮ ಮಾಡಿದ್ದೆ. ಸೂರ್ಯೋದಯ, ಬೆಳ್ಳಕ್ಕಿಗಳು, ಏರಿಯ ಮೇಲೆ ನಡೆಯುವ ಮುದುಕರು, ಹಿನ್ನೆಲೆಯಲ್ಲಿ ಕೊಳಲು. ನಮ್ಮ ಛಾಯಾಗ್ರಾಹಕರು ಕೆರೆಯ ಹಿಂಬದಿಗೂ ಹೋಗಿ, ದೊಡ್ಡ ಪೈಪಿನಿಂದ ಕಪ್ಪು ನೀರು ಧುಮುಕುವುದನ್ನು ಚಿತ್ರಿಸಿ ತಂದಿದ್ದರು. ಸಂಕಲನದಲ್ಲಿ ಅದನ್ನು ತೆಗೆದವನು ನಾನು. ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಕೊಳಲಿನ ಜೊತೆ ಅದು ಹೊಂದುವುದಿಲ್ಲ ಎಂದುಕೊಂಡೆ, ಅಷ್ಟೆ. ಪ್ರಸಾರವಾದ ಮೇಲೆ ಆ ಊರಿನ ಪ್ರೌಢಶಾಲೆಯ ಒಬ್ಬ ಹುಡುಗಿಯಿಂದ ಅಂಚೆ ಕಾರ್ಡು ಬಂತು. ಕಾರ್ಯಕ್ರಮ ಬಹಳ ಚೆನ್ನಾಗಿತ್ತು ಎಂದು ಹೊಗಳಿ, ಕೊನೆಗೆ ಒಂದು ಸಾಲು ಸೇರಿಸಿದ್ದಳು: ಆದರೆ ಸಾರ್, ಅದು ನಮ್ಮ ಕೆರೆ ಅಲ್ಲ.

ನಾನು ಆ ಕಾರ್ಡಿಗೆ ಉತ್ತರ ಬರೆಯಲಿಲ್ಲ. ಏನು ಬರೆಯುವುದೆಂದು ತೋಚಿರಲಿಲ್ಲ. ದೋಣಿಯಲ್ಲಿ ಮಗಳ ಪ್ರಶ್ನೆ ಕೇಳಿದಾಗ ಆ ಕಾರ್ಡೇ ಇನ್ನೊಮ್ಮೆ ಬಂದಂತಾಯಿತು. ಊರಿಗೆ ಬಂದ ಮೇಲೆ ಹಳೆಯ ದೃಶ್ಯಗಳನ್ನು ಹುಡುಕಿದೆ. ಕಾರ್ಯಕ್ರಮ ಇತ್ತು, ಉಳಿದ ದೃಶ್ಯಗಳ ಟೇಪನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿಯಾಗಿತ್ತು. ಆ ಪೈಪಿಗೆ ಈಗ ನನ್ನ ನೆನಪೊಂದೇ ಸಾಕ್ಷಿ.

ಕಾಣದ್ದು ಇಲ್ಲವೆಂದುಕೊಳ್ಳುವ ಅಭ್ಯಾಸ ಇಸ್ತಾಂಬುಲ್‌ಗೆ ಮಾತ್ರ ಸೇರಿದ್ದಲ್ಲ. ಬೆಂಗಳೂರಿನ ಬೆಳ್ಳಂದೂರು ಕೆರೆಗೆ ದಶಕಗಳ ಕಾಲ ಕೊಳಚೆ ಹರಿಯಿತು. 2015ರಲ್ಲಿ ಅದರ ನೊರೆಗೆ ಬೆಂಕಿ ಹತ್ತಿದಾಗ, 2017ರ ಫೆಬ್ರವರಿಯಲ್ಲಿ ಮತ್ತು 2018ರ ಜನವರಿಯಲ್ಲಿ ಕೆರೆಯಂಗಳದಿಂದ ಹೊಗೆ ಎದ್ದಾಗ ಎಲ್ಲರೂ ಬೆರಗಾಗಿ ನೋಡಿದರು. ಅಲ್ಲಿಯವರೆಗೆ ನಮ್ಮಲ್ಲಿ ಎಷ್ಟು ಜನ, ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆಂದು ಕೇಳಿದ್ದೆವು?

ನಿಮಗೆ ಎರಡು ಕೆಲಸ ಹೇಳುತ್ತೇನೆ. ಮೊದಲನೆಯದು ಪ್ರಯೋಗ. ಪಾರದರ್ಶಕವಾದ ಉದ್ದನೆಯ ಡಬ್ಬಿ ತೆಗೆದುಕೊಳ್ಳಿ. ಮಧ್ಯೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಅಡ್ಡ ನಿಲ್ಲಿಸಿ, ಅಂಚುಗಳಿಗೆ ಜೇಡಿಮಣ್ಣು ಮೆತ್ತಿ. ಒಂದು ಬದಿಗೆ ಬರಿಯ ನೀರು; ಇನ್ನೊಂದು ಬದಿಗೆ ಚೆನ್ನಾಗಿ ಉಪ್ಪು ಕರಗಿಸಿ ಕೆಂಪು ಶಾಯಿ ಬೆರೆಸಿದ ನೀರು. ಎರಡರ ಮಟ್ಟವೂ ಒಂದೇ ಇರಲಿ. ಈಗ ಹಾಳೆಯನ್ನು ನಿಧಾನವಾಗಿ ಮೇಲಕ್ಕೆ ಎಳೆಯಿರಿ. ಕೆಂಪು ನೀರು ತಳ ಹಿಡಿದು ಒಂದು ಕಡೆಗೆ, ಬರಿಯ ನೀರು ಮೇಲೆ ಇನ್ನೊಂದು ಕಡೆಗೆ ಹೋಗುತ್ತವೆ. ಮಾರ್ಸಿಲಿ ಕಂಡದ್ದನ್ನು ನೀವೂ ಕಾಣುವಿರಿ. ಸ್ವಲ್ಪ ಕಾದು, ಎರಡರ ನಡುವಿನ ಗೆರೆ ಹೇಗೆ ಮಸುಕಾಗುತ್ತದೆ ಎಂಬುದನ್ನೂ ಗಮನಿಸಿ.

ಎರಡನೆಯದು ಪ್ರವಾಸ. ದೂರ ಹೋಗಬೇಕಿಲ್ಲ, ಮಾರ್ಗದರ್ಶಿ ಬೇಕಿಲ್ಲ. ಒಂದು ಭಾನುವಾರ ನಿಮ್ಮ ಊರನ್ನೇ ಪ್ರವಾಸಿಯಂತೆ ನೋಡಿ. ದೇವಸ್ಥಾನ, ಕೋಟೆ, ಮಾರುಕಟ್ಟೆ ಎಲ್ಲವನ್ನೂ ನೋಡಿ, ಸಂತೋಷಪಡಿ. ಬುತ್ತಿ ಕಟ್ಟಿಕೊಂಡು ಹೋಗಿ ಕೆರೆ ಏರಿಯ ಮೇಲೆ ಕೂತು ಊಟ ಮಾಡಿ. ಆಮೇಲೆ ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಂಡು ಕೆರೆಯ ಹಿಂಬದಿಗೂ ಒಮ್ಮೆ ಹೋಗಿಬನ್ನಿ. ಕಂಡದ್ದನ್ನು ದಿನಾಂಕ ಹಾಕಿ ಒಂದು ಪುಟ ಬರೆದಿಡಿ. ನಾನು ಅಳಿಸಿಕೊಂಡಂತೆ ನೀವು ಅಳಿಸಿಕೊಳ್ಳಬೇಡಿ.

ಆ ಅಂಚೆ ಕಾರ್ಡು ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ. ಬರೆದ ಹುಡುಗಿ ಈಗ ಓದು ಮುಗಿಸಿ ಎಲ್ಲೋ ಕೆಲಸದಲ್ಲಿರಬೇಕು. ಈ ಮಾತುಗಳು ಆಕೆಯ ಕಿವಿಗೆ ಬಿದ್ದರೆ, ತಡವಾಗಿ ಬಂದ ನನ್ನ ಉತ್ತರ ಇದೇ ಎಂದು ತಿಳಿಯಲಿ: ಹೌದಮ್ಮ, ನೀನು ಬರೆದದ್ದು ಸರಿ. ಅದು ನಿಮ್ಮ ಕೆರೆಯ ಅರ್ಧ ಮಾತ್ರ.